ಯಾರ ಹಾಡು, ಯಾರ ಋಣ

ಆಸ್ಟ್ರೇಲಿಯದ ಜಾನಪದ ಗಾಯಕ ಟೆಡ್ ಈಗನ್ ಅವರ ವಾದ್ಯ ಒಂದು ಖಾಲಿ ರಟ್ಟಿನ ಪೆಟ್ಟಿಗೆಯಾಗಿತ್ತು. ಫಾಸ್ಟರ್ಸ್ ಬಿಯರ್ ತುಂಬಿ ಬರುವ ಪೆಟ್ಟಿಗೆಯನ್ನು ಬರಿದು ಮಾಡಿಕೊಂಡು, ಬೆರಳುಗಳಿಂದ ಬಡಿಯುತ್ತ ಹಾಡುವುದು ಅವರ ಪದ್ಧತಿಯಾಗಿತ್ತು. ಅದಕ್ಕೆ ‘ಫಾಸ್ಟರ್‌ಫೋನ್’ ಎಂಬ ತಮಾಷೆಯ ಹೆಸರೂ ಇದೆ. ಕೈಗೆ ತಬಲ ಸಿಗದಾಗ ನಮ್ಮ ಊರುಗಳಲ್ಲಿ ಬಿಂದಿಗೆಯನ್ನೋ ಬೆಂಚನ್ನೋ ಬಡಿದು ಹಾಡುತ್ತಿದ್ದವರ ನೆನಪು ಬರುವಂಥ ಸಲಿಗೆ ಅದರಲ್ಲಿದೆ. ಕುಡುಕರು, ಸುಳ್ಳು ಬುರುಡೆಯವರು, ದನಗಳನ್ನು ನೂರಾರು ಮೈಲಿ ಹೊಡೆದುಕೊಂಡು ಹೋಗುವವರು, ಮುತ್ತಿನ ಚಿಪ್ಪಿಗಾಗಿ ಸಮುದ್ರಕ್ಕಿಳಿದು ಸತ್ತ ಜಪಾನೀಯರು, ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು, ಇವರೆಲ್ಲ ಆ ಹಾಡುಗಳಲ್ಲಿ ಬಂದು ಹೋಗುತ್ತಾರೆ. ಜನ ನಗುತ್ತಾರೆ. ನಗು ನಿಲ್ಲುವ ಹೊತ್ತಿಗೆ ಇನ್ನೊಂದು ಬಗೆಯ ಹಾಡು ಶುರುವಾಗಿರುತ್ತದೆ: ಈ ನೆಲದ ಮೂಲನಿವಾಸಿಗಳಿಗೆ ಬಿಳಿಯರಿಂದ ಆದದ್ದರ ಹಾಡು.

ಈಗನ್ ಸ್ವತಃ ಬಿಳಿಯರು. ಅಷ್ಟೇ ಅಲ್ಲ, ಮೂಲನಿವಾಸಿಗಳ ಬದುಕನ್ನು ನಿಯಂತ್ರಿಸುತ್ತಿದ್ದ ಇಲಾಖೆಯಲ್ಲಿ ಕೆಲಸ ಮಾಡಿದವರು. ಹಾಗಾದರೆ ಅವರಿಗೆ ಈ ಹಾಡು ಹಾಡುವ ಹಕ್ಕಿದೆಯೇ? ಇನ್ನೊಬ್ಬರಿಗಾದ ಅನ್ಯಾಯವನ್ನು, ಆ ಅನ್ಯಾಯದ ಕಡೆಗೆ ಹುಟ್ಟಿನಿಂದಲೇ ಸೇರಿದವನೊಬ್ಬ ಹಾಡಿದರೆ ಅದು ನ್ಯಾಯದ ಕೆಲಸವೋ, ನೆಲ ಕಿತ್ತುಕೊಂಡವರು ಕೊನೆಗೆ ಕಥೆಯನ್ನೂ ಕಿತ್ತುಕೊಂಡಂತೆಯೋ? ಹಲವು ವರ್ಷಗಳಿಂದ ಈ ದೇಶದ ಅನ್ನ ತಿನ್ನುತ್ತಿರುವ ನನ್ನನ್ನು ಈ ಪ್ರಶ್ನೆ ಬಿಡದೆ ಕಾಡಿದೆ. ಇದು ಹಾಡುಗಾರರಿಗೆ ಮಾತ್ರ ಸಂಬಂಧಿಸಿದ್ದಲ್ಲ ಎನ್ನುವುದು ಮುಂದೆ ತಿಳಿಯುತ್ತದೆ.

ಮೊದಲು ಈಗನ್ ಅವರ ಬದುಕನ್ನು ಸ್ವಲ್ಪ ಹೇಳಬೇಕು. 1932ರಲ್ಲಿ ಮೆಲ್ಬರ್ನಿನ ಕೋಬರ್ಗ್ ಎಂಬಲ್ಲಿ, ಐರಿಷ್ ಮೂಲದ ಕುಟುಂಬದಲ್ಲಿ ಹುಟ್ಟಿದರು. ನಾನು ಇರುವುದು ಅದೇ ಕೋಬರ್ಗಿನ ಪಕ್ಕದಲ್ಲಿ. ಹದಿಹರೆಯದಲ್ಲೇ, 1949ರ ಸುಮಾರಿಗೆ, ಕೆಲಸವನ್ನೂ ಸಾಹಸವನ್ನೂ ಹುಡುಕಿಕೊಂಡು ಉತ್ತರಕ್ಕೆ, ನಾರ್ದರ್ನ್ ಟೆರಿಟರಿಗೆ ಹೊರಟರು. ಊರಿನ ಓದುಗರಿಗೆ ಅದರ ಅಳತೆ ಹೇಳುವುದಾದರೆ, ಅದು ಏಳು ಕರ್ನಾಟಕಗಳಷ್ಟು ದೊಡ್ಡದು. ಇವತ್ತಿಗೂ ಅಲ್ಲಿರುವ ಜನ ಎರಡೂವರೆ ಲಕ್ಷದ ಆಸುಪಾಸು. ಕೆಂಪು ಮಣ್ಣು, ಒಣ ಹೊಳೆಗಳು, ಒಂದು ತಾಲ್ಲೂಕಿಗಿಂತ ದೊಡ್ಡದಾದ ದನದ ಫಾರ್ಮುಗಳು. ಇದನ್ನೇ ಇಲ್ಲಿಯವರು ‘ಔಟ್‌ಬ್ಯಾಕ್’ ಎನ್ನುವುದು. ಅಲ್ಲಿ ಅವರು ದನ ಕಾಯ್ದರು, ಮೊಸಳೆ ಬೇಟೆಯಾಡಿದರು, ಕಾಡಿನ ಶಾಲೆಗಳಲ್ಲಿ ಪಾಠ ಹೇಳಿದರು, ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುವ ಸರ್ಕಾರಿ ಇಲಾಖೆಯಲ್ಲಿ ಪೆಟ್ರೋಲ್ ಆಫೀಸರ್ ಆಗಿ, ವಸತಿಗಳ ಮೇಲ್ವಿಚಾರಕರಾಗಿ ದುಡಿದರು. ಎರಡು ಮೂಲನಿವಾಸಿ ಭಾಷೆಗಳನ್ನು ಕಲಿತರು. ಆಮೇಲೆ ಹಾಡುಗಾರರಾಗಿ, ಔಟ್‌ಬ್ಯಾಕಿನ ಇತಿಹಾಸಕಾರರಾಗಿ ಹೆಸರಾದರು. 2003ರಿಂದ 2007ರವರೆಗೆ ಅದೇ ಟೆರಿಟರಿಯ ಅಡ್ಮಿನಿಸ್ಟ್ರೇಟರ್ ಆಗಿದ್ದರು. ನಮ್ಮ ರಾಜ್ಯಪಾಲರನ್ನು ಹೋಲುವ ಹುದ್ದೆ ಅದು.

ಆ ಇಲಾಖೆ ಎಂಥದ್ದೆಂದು ತಿಳಿಯದೆ ಪ್ರಶ್ನೆಯ ತೂಕ ಗೊತ್ತಾಗದು. 1953ರಲ್ಲಿ ಬಂದ ಒಂದು ಕಾನೂನಿನ ಪ್ರಕಾರ ಟೆರಿಟರಿಯ ಮೂಲನಿವಾಸಿಗಳನ್ನು ಸರ್ಕಾರದ ‘ಪಾಲ್ಯ’ರೆಂದು ಘೋಷಿಸಬಹುದಿತ್ತು. ಹೆತ್ತವರಿಲ್ಲದ ಮಕ್ಕಳಿಗೆ ಪೋಷಕರನ್ನು ನೇಮಿಸಿದಂತೆ, ಬೆಳೆದ ಗಂಡಸು ಹೆಂಗಸರಿಗೆ ಇಲಾಖೆಯ ನಿರ್ದೇಶಕರೇ ಪೋಷಕ. ಎಲ್ಲಿರಬೇಕು, ಯಾರನ್ನು ಮದುವೆಯಾಗಬಹುದು ಎನ್ನುವುದರಲ್ಲೂ ಅವರ ಮಾತು ನಡೆಯುತ್ತಿತ್ತು. ಸಾವಿರಾರು ಹೆಸರುಗಳ ಆ ಪಟ್ಟಿಗೆ ಜನ ‘ಸ್ಟಡ್ ಬುಕ್’ ಎಂದು ಅಡ್ಡ ಹೆಸರಿಟ್ಟಿದ್ದರು. ಜಾತಿ ಕುದುರೆಗಳ ವಂಶಾವಳಿ ಬರೆದಿಡುವ ಪುಸ್ತಕಕ್ಕೆ ಇಲ್ಲಿ ಆ ಹೆಸರು. ಕಳ್ಳರೂ ಕ್ರೂರಿಗಳೂ ಮಾತ್ರ ಸೇರಿ ನಡೆಸಿದ ವ್ಯವಸ್ಥೆ ಇದಲ್ಲ. ಒಳ್ಳೆಯದು ಮಾಡುತ್ತಿದ್ದೇವೆಂದು ನಂಬಿದ್ದವರೂ ಅದರಲ್ಲಿದ್ದರು. ಯೋಚಿಸಬೇಕಾದ್ದು ಅದೇ.

ಈಗ ಹಾಡಿಗೆ ಬರೋಣ. 1966ರ ಆಗಸ್ಟ್ 23ರಂದು ವೇವ್ ಹಿಲ್ ಎಂಬ ದನದ ಫಾರ್ಮಿನಿಂದ ಸುಮಾರು 200 ಮಂದಿ ಗುರಿಂಜಿ ಜನ ಕೆಲಸ ಬಿಟ್ಟು ಹೊರನಡೆದರು. ದನ ನೋಡುವ ಗಂಡಸರು, ಮನೆಗೆಲಸದ ಹೆಂಗಸರು, ಮಕ್ಕಳು ಎಲ್ಲರೂ. ಮುಂದಾಳು ವಿನ್ಸೆಂಟ್ ಲಿಂಗಿಯಾರಿ. ಫಾರ್ಮು ಬ್ರಿಟನ್ನಿನ ವೆಸ್ಟಿ ಎಂಬ ಶ್ರೀಮಂತ ಮನೆತನದ್ದು. ಬಿಳಿಯ ಕೆಲಸಗಾರರಿಗೆ ಕೊಡುವ ಕೂಲಿಯ ಒಂದು ಚೂರನ್ನು ಕೊಟ್ಟು, ಉಳಿದದ್ದಕ್ಕೆ ಹಿಟ್ಟು, ಚಹ, ಸಕ್ಕರೆ, ಮಾಂಸ ಅಳೆದು ಹಾಕುವ ಪದ್ಧತಿ. ಮೊದಲಿಗೆ ಎಲ್ಲರೂ ಇದನ್ನು ಕೂಲಿಯ ಮುಷ್ಕರ ಎಂದುಕೊಂಡರು. ಗುರಿಂಜಿಗಳು ವಾಟಿ ಕ್ರೀಕ್ ಎಂಬಲ್ಲಿ, ತಮ್ಮ ಮಾತಿನಲ್ಲಿ ದಗುರಗು ಎನ್ನುವ ಜಾಗದಲ್ಲಿ, ಬೀಡುಬಿಟ್ಟು ಹೇಳಿದ್ದು ಬೇರೆ: ಈ ನೆಲ ನಮ್ಮದು, ನೆಲ ವಾಪಸ್ಸು ಕೊಡಿ. ಅವರಿಗೆ ನೆಲ ಬೇಕಿದ್ದರೆ ಎಲ್ಲರ ಹಾಗೆ ದುಡ್ಡು ಕೂಡಿಟ್ಟು ಕೊಂಡುಕೊಳ್ಳಲಿ ಎಂಬರ್ಥದ ಮಾತು ಕೇಂದ್ರ ಸಚಿವರೊಬ್ಬರಿಂದ ಬಂತು. ಆ ಮಾತು ಕೇಳಿ ಈಗನ್ ಬರೆದ ಹಾಡು ‘ಗುರಿಂಜಿ ಬ್ಲೂಸ್’.

1971ರಲ್ಲಿ ಅದು ಧ್ವನಿಮುದ್ರಿಕೆಯಾಗಿ ಬಂದಾಗ ಈಗನ್ ಮಾಡಿದ್ದು ಏನು ಎನ್ನುವುದು ನನಗೆ ಹಾಡಿಗಿಂತ ಮುಖ್ಯವಾಗಿ ಕಾಣುತ್ತದೆ. ತಟ್ಟೆಯ ಆರಂಭದಲ್ಲಿ ಕೇಳುವುದು ಲಿಂಗಿಯಾರಿಯವರ ಮಾತು. ಹಾಡಿದ್ದು ಗಲರ್ವುಯ್ ಯುನುಪಿಂಗು ಎಂಬ ತರುಣ. ಹಾಡು ಬರೆದವನು ಪಕ್ಕಕ್ಕೆ ಸರಿದು ನಿಂತ. ಅನ್ಯಾಯ ಅನುಭವಿಸಿದವನು ಬದುಕಿದ್ದಾನೆ, ಅವನಿಗೆ ಬಾಯಿದೆ, ಆದ್ದರಿಂದ ಮೊದಲ ಮಾತು ಅವನದೇ ಆಗಬೇಕು ಎಂಬ ಸರಳ ವಿವೇಕ ಇದರಲ್ಲಿದೆ. ಇನ್ನೂ ಒಂದು ಸೂಕ್ಷ್ಮ: ಯುನುಪಿಂಗು ಗುರಿಂಜಿಯಲ್ಲ. ಅವರು ನೂರಾರು ಕಿಲೋಮೀಟರ್ ದೂರದ ಆರ್ನೆಮ್ ಲ್ಯಾಂಡಿನ ಯೊಲ್ಂಗು ಜನದವರು, ಭಾಷೆಯೇ ಬೇರೆ. ತಮ್ಮ ನೆಲದಲ್ಲಿ ಬಾಕ್ಸೈಟ್ ಗಣಿ ಬೇಡವೆಂದು ಕೋರ್ಟಿಗೆ ಹೋಗಿದ್ದ ಯೊಲ್ಂಗುಗಳು ಅದೇ 1971ರಲ್ಲಿ ಮೊಕದ್ದಮೆ ಸೋತಿದ್ದರು. ಅಂದರೆ ‘ಅವರ ಹಾಡನ್ನು ಅವರೇ ಹಾಡಬೇಕು’ ಎನ್ನುವಾಗ ‘ಅವರು’ ಯಾರು ಎನ್ನುವುದೂ ಸುಲಭದ ಪ್ರಶ್ನೆಯಲ್ಲ. ಈ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಚರ್ಮದ ಬಣ್ಣ ಒಂದೇ ಎಂಬ ಕಾರಣಕ್ಕೆ ನೋವಿನ ಹಕ್ಕು ವರ್ಗವಾಗುವುದಿಲ್ಲ. ತನ್ನ ಗಾಯ ಗೊತ್ತಿದ್ದವನು ಇನ್ನೊಬ್ಬನ ಗಾಯದ ಹತ್ತಿರ ಬಂದು ಕೂತಾಗ ಹುಟ್ಟುವುದು ಹಕ್ಕೆನ್ನುವುದಕ್ಕಿಂತ ಹೆಚ್ಚಾಗಿ ಒಂದು ನಂಟು.

ಆದರೆ ಪಕ್ಕಕ್ಕೆ ಸರಿಯಲು ಸಾಧ್ಯವೇ ಇಲ್ಲದ ಹಾಡುಗಳೂ ಇವೆ. ಈಗನ್ ಅವರ ಹೆಸರುವಾಸಿಯಾದ ‘ದ ಡ್ರೋವರ್ಸ್ ಬಾಯ್’ ಅಂಥದ್ದು. ಡ್ರೋವರ್ ಎಂದರೆ ದನದ ಹಿಂಡನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ದೂರದ ಮಾರುಕಟ್ಟೆಗೆ ಹೊಡೆದುಕೊಂಡು ಹೋಗುವವನು. ಅಂಥವನ ಜೊತೆ ಕುದುರೆಯ ಮೇಲೆ ದುಡಿಯುತ್ತಿದ್ದ ‘ಹುಡುಗ’ ಎಷ್ಟೋ ಸಲ ಕೂದಲು ಕತ್ತರಿಸಿ ಗಂಡುಡುಗೆ ತೊಡಿಸಿದ ಮೂಲನಿವಾಸಿ ಹೆಣ್ಣಾಗಿರುತ್ತಿದ್ದಳು. ಅವಳ ಜನರನ್ನು ಗುಂಡಿಕ್ಕಿ ಕೊಂದು ಅವಳನ್ನು ಎಳೆದು ತಂದಿರುತ್ತಿದ್ದರು. ಇಂಥ ಸಂಬಂಧಗಳಿಗೆ ಕಾನೂನಿನ ಅಡ್ಡಿಯೂ ಇದ್ದುದರಿಂದ ವೇಷ ಬೇಕಾಯಿತು. ಹಾಡಿನಲ್ಲಿ ಆ ‘ಹುಡುಗ’ ಸಾಯುತ್ತಾನೆ. ಮಣ್ಣು ಮಾಡುವಾಗ ಡ್ರೋವರ್ ಯಾಕೆ ಅಷ್ಟು ಅಳುತ್ತಾನೆಂದು ಜೊತೆಯವರಿಗೆ ತಿಳಿಯುವುದಿಲ್ಲ.

ಇಲ್ಲಿ ಯಾರ ಅನುಮತಿ ಕೇಳುವುದು? ಆ ಹೆಂಗಸರ ಹೆಸರು ಫಾರ್ಮಿನ ಕೂಲಿ ಪುಸ್ತಕದಲ್ಲಿಲ್ಲ, ಗೋರಿಯ ಮೇಲೂ ಇಲ್ಲ. ಹಾಡದೆ ಇದ್ದರೆ ಅವರು ಎರಡನೆಯ ಸಲ ಸಾಯುತ್ತಾರೆ. ಹಾಡಿದರೆ ಇನ್ನೊಂದು ಅಪಾಯ. ಹಾಡು ಮುಗಿದಾಗ ಕೇಳುಗನ ಕಣ್ಣು ತೇವವಾಗುವುದು ಡ್ರೋವರನ ಅಳುವಿಗೆ. ಅವನು ಅಪಹರಿಸಿದವನೂ ಹೌದು, ಪ್ರೀತಿಸಿದವನೂ ಹೌದು. ಅವಳಿಗೆ ಅವನ ಮೇಲೆ ಇದ್ದದ್ದು ಪ್ರೀತಿಯೋ, ಭಯವೋ, ಬೇರೆ ದಾರಿಯಿಲ್ಲದ ಒಗ್ಗಿಕೊಳ್ಳುವಿಕೆಯೋ ಎಂಬುದನ್ನು ಹಾಡು ಹೇಳುವುದಿಲ್ಲ, ಹೇಳಲಾರದು. ಹಾಡಿನ ದೋಷವೆಂದು ಇದನ್ನು ಎತ್ತಿ ಆಡುವವರಿದ್ದಾರೆ. ನನಗೆ ಅದು ಹಾಡಿನ ಪ್ರಾಮಾಣಿಕತೆಯ ಗಡಿ ಎನ್ನಿಸುತ್ತದೆ. ಬಿಳಿಯ ಹಾಡುಗಾರನಿಗೆ ಡ್ರೋವರನ ಅಳು ಗೊತ್ತು; ಅವಳ ಮನಸ್ಸು ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅವಳ ಬಾಯಿಯಿಂದ ಹಾಡಿಸಿದ್ದರೆ ಅದು ಸುಳ್ಳಾಗುತ್ತಿತ್ತು. ಹಾಡಿನೊಳಗಿನ ಆ ಖಾಲಿ ಜಾಗ ಅವಳದ್ದು. ಅದನ್ನು ಖಾಲಿ ಬಿಡುವುದೂ ಒಂದು ಮರ್ಯಾದೆ. ಆದರೆ ಕೇಳುವ ನಾವು ಕಣ್ಣೊರೆಸಿಕೊಂಡು ಎದ್ದು ಹೋಗದೆ ಆ ಖಾಲಿಯನ್ನೂ ಕೇಳಿಸಿಕೊಳ್ಳಬೇಕು.

ಹಾಡಿಗೆ ಮರುಕ ಸಾಕು, ಇತಿಹಾಸಕ್ಕೆ ಸಾಲದು. ಈಗನ್ ಇತಿಹಾಸಕಾರರೂ ಆದದ್ದು ಈ ಕಾರಣಕ್ಕೆ ಮಹತ್ವದ್ದು. 1996ರಲ್ಲಿ ಪ್ರಕಟವಾದ ‘ಜಸ್ಟಿಸ್ ಆಲ್ ದೇರ್ ಓನ್’ ಎಂಬ ಪುಸ್ತಕದಲ್ಲಿ ಅವರು 1932–33ರಲ್ಲಿ ಆರ್ನೆಮ್ ಲ್ಯಾಂಡಿನ ಕರಾವಳಿಯಲ್ಲಿ ನಡೆದ ಕೊಲೆಗಳನ್ನು ಬೆನ್ನಟ್ಟುತ್ತಾರೆ. ಕ್ಯಾಲಡನ್ ಕೊಲ್ಲಿಯಲ್ಲಿ ಐವರು ಜಪಾನೀ ಮೀನುಗಾರರು, ವುಡಾ ದ್ವೀಪದಲ್ಲಿ ಇಬ್ಬರು ಬಿಳಿಯರು, ಕೊನೆಗೆ 1933ರ ಆಗಸ್ಟಿನಲ್ಲಿ ಮೆಕಾಲ್ ಎಂಬ ಪೊಲೀಸ್ ಕಾನ್‌ಸ್ಟೇಬಲ್. ಮೆಕಾಲ್‌ನನ್ನು ಭರ್ಚಿಯಿಂದ ಕೊಂದನೆಂದು ಧಾಕಿಯಾರ್ ಎಂಬ ಯೊಲ್ಂಗು ಹಿರಿಯನಿಗೆ 1934ರಲ್ಲಿ ಡಾರ್ವಿನ್ನಿನ ನ್ಯಾಯಾಲಯ ಗಲ್ಲು ವಿಧಿಸಿತು. ನ್ಯಾಯಾಲಯದ ಭಾಷೆ ಅವನಿಗೆ ತಿಳಿಯದು, ಅವನ ನ್ಯಾಯ ನ್ಯಾಯಾಲಯಕ್ಕೆ ತಿಳಿಯದು. ಅದೇ ವರ್ಷ ದೇಶದ ಹೈಕೋರ್ಟು ವಿಚಾರಣೆಯಲ್ಲಿ ಗಂಭೀರ ಲೋಪಗಳಾಗಿವೆ ಎಂದು ತೀರ್ಪನ್ನು ರದ್ದು ಮಾಡಿತು. ಜೈಲಿನಿಂದ ಬಿಡುಗಡೆಯಾದ ಧಾಕಿಯಾರ್ ಮನೆಗೆ ಮರಳಲೇ ಇಲ್ಲ. ಅವನು ಏನಾದನೆಂದು ಇಂದಿಗೂ ಮನೆಯವರಿಗೆ ಗೊತ್ತಿಲ್ಲ. 2003ರಲ್ಲಿ ಅವನ ವಂಶದವರು ಮತ್ತು ಮೆಕಾಲ್‌ನ ವಂಶದವರು ಡಾರ್ವಿನ್ನಿನ ಸುಪ್ರೀಂ ಕೋರ್ಟಿನಲ್ಲಿ ಸೇರಿ ರಾಜಿಯ ವಿಧಿ ನಡೆಸಿದರು. ಆ ಹೊತ್ತಿಗೆ 70 ವರ್ಷ ಕಳೆದಿತ್ತು.

ಇಂಥ ಕಥೆಯನ್ನು ಬರಿಯ ಮರುಕದಿಂದ ಬರೆದರೆ ಸತ್ತ ಕಾನ್‌ಸ್ಟೇಬಲನೂ ಒಬ್ಬನ ಮಗ ಎನ್ನುವುದು ಮರೆತುಹೋಗುತ್ತದೆ. ಬರಿಯ ಕಡತಗಳಿಂದ ಬರೆದರೆ ಧಾಕಿಯಾರ್ ಒಂದು ಮೊಕದ್ದಮೆಯ ಸಂಖ್ಯೆಯಾಗಿಬಿಡುತ್ತಾನೆ. ‘ಅವರದೇ ಆದ ನ್ಯಾಯ’ ಎಂಬರ್ಥದ ಆ ಶೀರ್ಷಿಕೆಯೇ ಎರಡು ನ್ಯಾಯಗಳು ಎದುರುಬದುರಾದವು ಎನ್ನುತ್ತದೆ. ಇನ್ನೊಬ್ಬರ ನೋವನ್ನು ಹಾಡುವವನಿಗೆ ಹಕ್ಕು ಬರುವುದು ಇಲ್ಲಿಂದ ಎಂದು ನನಗನ್ನಿಸುತ್ತದೆ: ಅವನು ಅವರ ಭಾಷೆ ಕಲಿತನೇ, ಅವರಿಗೆ ಬಾಯಿದ್ದಾಗ ಪಕ್ಕಕ್ಕೆ ಸರಿದನೇ, ಹಾಡಿದ್ದನ್ನು ಕೂತು ಪರಿಶೀಲಿಸುವ ಕಷ್ಟ ತೆಗೆದುಕೊಂಡನೇ? ಹುಟ್ಟಿನಿಂದ ಬರುವ ಹಕ್ಕಲ್ಲ ಇದು, ದುಡಿದು ಪಡೆಯುವ ಹಕ್ಕು. ದುಡಿಮೆ ನಿಂತರೆ ಹಕ್ಕೂ ನಿಲ್ಲುತ್ತದೆ.

ಕನ್ನಡಿಗರಿಗೆ ಈ ಇಕ್ಕಟ್ಟು ಹೊಸದಲ್ಲ. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣದ ಕಾಯಿದೆಗೆ ತಲೆಬಾಗದ ಹಲಗಲಿಯ ಬೇಡರ ಮೇಲೆ ಸೈನ್ಯ ಬಂದು ಊರನ್ನೇ ಸುಟ್ಟಿತು. ಉತ್ತರ ಕರ್ನಾಟಕದ ಹಾಡುಗಾರರು ಅದನ್ನು ಲಾವಣಿ ಕಟ್ಟಿ ಹಾಡಿದರು. ಆ ಲಾವಣಿಯನ್ನೂ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್. ಅವರು ಅದೇ ಬ್ರಿಟಿಷ್ ಸರ್ಕಾರದ ಅಧಿಕಾರಿ. ಊರು ಸುಟ್ಟ ಸರ್ಕಾರದ ನೌಕರನೇ ಸುಟ್ಟ ಊರಿನ ಹಾಡನ್ನು ಉಳಿಸಿಕೊಟ್ಟ. ಅದಕ್ಕಾಗಿ ನಾವು ಫ್ಲೀಟರಿಗೆ ಕೃತಜ್ಞರು, ಶಾಸನಗಳ ವಿಷಯದಲ್ಲಂತೂ ಇನ್ನೂ ಹೆಚ್ಚು ಕೃತಜ್ಞರು. ಆದರೆ ಉಳಿಸುವುದು ಬೇರೆ, ಜೊತೆಗೆ ನಿಲ್ಲುವುದು ಬೇರೆ. ಫ್ಲೀಟ್ ಲಾವಣಿಯನ್ನು ವಿದ್ವಾಂಸರ ಮುಂದಿಟ್ಟರು. ಈಗನ್ ಹಾಡನ್ನು ಸಚಿವರ ಮಾತಿಗೆ ಎದುರಾಗಿ ಇಟ್ಟರು, ನೆಲದ ಜಗಳ ಇನ್ನೂ ತೀರ್ಮಾನವಾಗದೆ ಇದ್ದಾಗ. ಇಬ್ಬರ ನಡುವಿನ ಅಂತರ ಅಲ್ಲಿದೆ. ಸೋತವರ ಹಾಡು ಜೋಪಾನ ಮಾಡಲು ಗೆದ್ದವರಿಗೆ ಖರ್ಚೇನೂ ಇಲ್ಲ. ಜಗಳ ನಡೆಯುತ್ತಿರುವಾಗ ಹಾಡುವುದಕ್ಕೆ ಬೆಲೆ ಕೊಡಬೇಕಾಗುತ್ತದೆ.

ಇನ್ನು ನಮ್ಮ ವಿಷಯ. ಇಲ್ಲಿನ ನಮ್ಮ ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳು ಈಗ ಈ ನೆಲದ ಮೂಲ ಒಡೆಯರನ್ನು ಸ್ಮರಿಸುವ ನಾಲ್ಕು ಸಾಲಿನಿಂದ ಶುರುವಾಗುತ್ತವೆ. ನಾಡಗೀತೆಗೆ ಮೊದಲು ಯಾರೋ ಒಬ್ಬರು ಚೀಟಿ ನೋಡಿ ಓದಿ ಮುಗಿಸುತ್ತಾರೆ. ಹಿಂದಿನ ಸಾಲಿನವರು ಅಷ್ಟರಲ್ಲಿ ಕುರ್ಚಿ ಸರಿ ಮಾಡಿಕೊಳ್ಳುತ್ತಾರೆ. 2023ರ ಅಕ್ಟೋಬರಿನಲ್ಲಿ, ಮೂಲನಿವಾಸಿಗಳಿಗೆ ಸಂವಿಧಾನದಲ್ಲಿ ಒಂದು ದನಿ ಕೊಡಬೇಕೇ ಎಂಬ ಜನಮತಗಣನೆಯಲ್ಲಿ ಸುಮಾರು 60 ಶೇಕಡ ಜನ ಬೇಡ ಎಂದರು. ಆ ದಿನಗಳಲ್ಲಿ ಒಬ್ಬ ಸ್ನೇಹಿತರು ಊಟದ ಮೇಜಿನಲ್ಲಿ ಹೇಳಿದರು: “ನಾವು ಬಂದಿದ್ದು ಸಾಫ್ಟ್‌ವೇರ್ ಕೆಲಸಕ್ಕೆ ಕಣ್ರೀ. ಯಾರ ನೆಲಾನೂ ಕಿತ್ಕೊಂಡಿಲ್ಲ, ಯಾರ ಮಕ್ಕಳನ್ನೂ ಎತ್ಕೊಂಡು ಹೋಗಿಲ್ಲ. ಬಿಳಿಯರ ಪಾಪ ನಮ್ಮ ತಲೆಗ್ಯಾಕೆ? ನಮ್ಮನ್ನೂ ಅವರೇ ಆಳಿದ್ದಲ್ವಾ?”

ಮಾತು ಸುಳ್ಳಲ್ಲ. ಪಾಪದ ಲೆಕ್ಕ ಹಾಕಿದರೆ ನಮ್ಮ ಖಾತೆಯಲ್ಲಿ ಏನೂ ಇರಲಾರದು. ಆದರೆ ನಮ್ಮ ಭಾಷೆಯಲ್ಲಿ ಪಾಪ ಬೇರೆ, ಋಣ ಬೇರೆ. ಪಾಪ ಮಾಡಿದವನದು. ಋಣ ಉಂಡವನದು. ಬೆಂಗಳೂರಿನಲ್ಲಿ ಒಂದು ಸೈಟು ಕೊಳ್ಳುವ ಮೊದಲು ನಾವು ಮೂಲಪತ್ರ ಕೇಳುತ್ತೇವೆ, ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. ತೆಗೆಸುತ್ತೇವೆ. ಇ.ಸಿ.ಗೆ ಸರ್ಕಾರಿ ಕನ್ನಡದಲ್ಲಿ ‘ಋಣಭಾರ ಪ್ರಮಾಣಪತ್ರ’ ಎನ್ನುತ್ತಾರೆ. ಹಿಂದಿನ ಒಡೆಯ ಮಾಡಿದ ಸಾಲ ಆಸ್ತಿಯ ಜೊತೆಗೇ ನಮ್ಮ ಮೇಲೆ ಬೀಳುತ್ತದೆಂದು ಪ್ರತಿಯೊಬ್ಬ ಕನ್ನಡಿಗನಿಗೂ ಗೊತ್ತು. ಆ ಸಾಲ ನಾನು ಮಾಡಿದ್ದಲ್ಲ ಎಂದರೆ ಬ್ಯಾಂಕು ಕೇಳುವುದಿಲ್ಲ.

ಮೆಲ್ಬರ್ನಿನಲ್ಲಿ ಮನೆ ಕೊಂಡಾಗ ನಾವು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಹೋದರೆ 1835 ಸಿಗುತ್ತದೆ. ಆ ವರ್ಷ ಜಾನ್ ಬ್ಯಾಟ್‌ಮನ್ ಎಂಬಾತ ಇಲ್ಲಿನ ವುರುಂಡ್ಜೆರಿ ಹಿರಿಯರಿಗೆ ಕಂಬಳಿ, ಚಾಕು, ಕನ್ನಡಿ, ಹಿಟ್ಟು ಇಂಥವನ್ನು ಕೊಟ್ಟು ಲಕ್ಷಾಂತರ ಎಕರೆಗೆ ಒಪ್ಪಂದ ಬರೆಸಿಕೊಂಡ. ಅದು ನಡೆದದ್ದು ಕೋಬರ್ಗಿನ ಮಗ್ಗುಲಲ್ಲೇ ಹರಿಯುವ ಮೆರಿ ಕ್ರೀಕಿನ ದಂಡೆಯಲ್ಲಿ ಎಂದು ಬಹಳ ಜನ ಹೇಳುತ್ತಾರೆ. ಕೆಲವೇ ತಿಂಗಳಲ್ಲಿ ಗವರ್ನರ್ ಬರ್ಕ್ ಆ ಒಪ್ಪಂದವನ್ನು ರದ್ದು ಮಾಡಿದರು. ಕಾರಣ ಮೋಸದ ವ್ಯಾಪಾರ ಎಂಬುದಲ್ಲ; ನೆಲ ರಾಜಪ್ರಭುತ್ವದ್ದು, ಮಾರಲು ಆ ಜನರಿಗೆ ಹಕ್ಕೇ ಇಲ್ಲ ಎಂಬುದು. ಈ ನೆಲ ಯಾರದೂ ಆಗಿರಲಿಲ್ಲ ಎಂಬ ಕಲ್ಪನೆಯನ್ನು ದೇಶದ ಹೈಕೋರ್ಟು ತಳ್ಳಿಹಾಕಿದ್ದು 1992ರಲ್ಲಿ, ಮೇಬೋ ಪ್ರಕರಣದಲ್ಲಿ. ನಮ್ಮ ಮನೆಗಳ ಮೂಲಪತ್ರ ಇದು. ಇದರ ಋಣಭಾರ ತೀರಿಸಿದವರಿಲ್ಲ.

ಹಾಗಂತ ಯಾರೂ ಮನೆ ಬಿಟ್ಟು ಹೋಗಬೇಕೆಂದು ಕೇಳುತ್ತಿಲ್ಲ. ಗುರಿಂಜಿಗಳೂ ಅಂಥದ್ದನ್ನು ಕೇಳಿರಲಿಲ್ಲ. ಒಂಬತ್ತು ವರ್ಷ ಕಾದ ಮೇಲೆ, 1975ರ ಆಗಸ್ಟ್ 16ರಂದು, ಪ್ರಧಾನಿ ಗಾಫ್ ವಿಟ್ಲಮ್ ದಗುರಗುವಿಗೆ ಬಂದು ಲಿಂಗಿಯಾರಿಯವರ ಅಂಗೈಗೆ ಮಣ್ಣು ಸುರಿದರು. ಧಾರೆಯೆರೆಯುವುದನ್ನು ಕಂಡು ಬೆಳೆದ ನಮಗೆ ಆ ಚಿತ್ರದ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಅಂದು ಸಿಕ್ಕಿದ್ದು ಗುತ್ತಿಗೆಯ ಪತ್ರ. ಪೂರ್ತಿ ಒಡೆತನದ ಪತ್ರ ಬಂದದ್ದು 1986ರಲ್ಲಿ, ವೇವ್ ಹಿಲ್ ಫಾರ್ಮಿನ ನೆಲದ ಮೇಲೆ ಮೂಲನಿವಾಸಿ ಹಕ್ಕನ್ನು ಫೆಡರಲ್ ಕೋರ್ಟು ಒಪ್ಪಿದ್ದು 2020ರಲ್ಲಿ. ಲಿಂಗಿಯಾರಿ ತೀರಿಕೊಂಡದ್ದು 1988ರಲ್ಲಿ. ಋಣ ಒಂದೇ ಕಂತಿನಲ್ಲಿ ತೀರುವುದಿಲ್ಲ.

ನಮ್ಮ ಪಾಲಿನ ಕಂತು ಚಿಕ್ಕದು. ಕನ್ನಡ ಕಲಿ ತರಗತಿಗೆ ಬರುವ ಮಕ್ಕಳಿಗೆ ಕಿತ್ತೂರು, ಹಲಗಲಿ ಹೇಳಿಕೊಡುವಾಗ ವೇವ್ ಹಿಲ್ಲನ್ನೂ ಹೇಳಬಹುದು; ಅವರು ಎರಡು ನೆಲದ ಮಕ್ಕಳು, ಎರಡೂ ಕಥೆ ಅವರಿಗೆ ಸಲ್ಲಬೇಕು. ಚೀಟಿ ನೋಡಿ ಓದುವ ಆ ನಾಲ್ಕು ಸಾಲನ್ನು ಮನಸ್ಸಿಟ್ಟು ಕನ್ನಡದಲ್ಲೇ ಹೇಳಬಹುದು, ವುರುಂಡ್ಜೆರಿ ಎಂಬ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯಬಹುದು. ವುರುಂಡ್ಜೆರಿ ಹಿರಿಯರೊಬ್ಬರನ್ನು ಕರೆದು, ಮೈಕು ಅವರ ಕೈಗೆ ಕೊಟ್ಟು, ನಾವು ಸುಮ್ಮನೆ ಕೂತು ಕೇಳಬಹುದು. ಗುರಿಂಜಿಗಳ ಕಥೆಯನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆದದ್ದೂ ಅದೇ ಲೆಕ್ಕಕ್ಕೆ. ಅದನ್ನು ಹೇಳಲು ನನಗೆ ಹುಟ್ಟಿನ ಹಕ್ಕಿಲ್ಲ. ಉಂಡ ಅನ್ನದ ಋಣವಿದೆ.